ಅಳತೆ, ಸಾಕ್ಷಿ, ಕಟ್ಟೆ: ದೂರಸಂಪರ್ಕ ಸೇವೆಯಲ್ಲಿ ಹೊಣೆಗಾರಿಕೆಯ ಸ್ವರೂಪ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ‘ಹೇಳುವವರಿಲ್ಲ, ಕೇಳುವವರಿಲ್ಲ’ ಎಂಬ ಆಡುಮಾತು ಯಾವ ಅಂಕೆಗೂ ಒಳಪಡದ ಸ್ಥಿತಿಯನ್ನು ಸೂಚಿಸುತ್ತದೆ. ‘ಉತ್ತರದಾಯಿತ್ವ’ ಎಂಬುದು ಆಡಳಿತದ ಪರಿಭಾಷೆಯಿಂದ ಬಂದ ಈಚಿನ ಪದ. ಜನಬಳಕೆಯಲ್ಲಿರುವುದು ‘ಹೊಣೆ’. ಹೊಣೆ ನಿಲ್ಲುವುದೆಂದರೆ ಒಂದು ಸಾಲಕ್ಕೆ ಅಥವಾ ಒಂದು ಮಾತಿಗೆ ತಾನೇ ಜಾಮೀನಾಗುವುದು. ಮಾತು ತಪ್ಪಿದಾಗ ಎದುರು ನಿಂತು ಉತ್ತರ ಹೇಳುವುದು. ಮಾತನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಕೇಳಿಸುವುದನ್ನೇ ವ್ಯಾಪಾರವಾಗಿಸಿಕೊಂಡಿರುವ ದೂರವಾಣಿ ಮತ್ತು ಅಂತರಜಾಲ ಸಂಸ್ಥೆಗಳನ್ನು ಕೇಳುವವರು ಯಾರು, ಎಲ್ಲಿ ಕೇಳಬೇಕು, ಯಾವ ಆಧಾರದ ಮೇಲೆ ಕೇಳಬೇಕು ಎಂಬ ಪ್ರಶ್ನೆಗಳು ಭಾರತದಲ್ಲಿ ಕಳೆದ ಮೂರು ದಶಕಗಳಿಂದ ಶಾಸನ ಮತ್ತು ನ್ಯಾಯಾಲಯಗಳ ಮುಂದಿವೆ. ಜಾನಪದ ಅಧ್ಯಯನವು ಪರಿಚಯಿಸಿರುವ ಕೆಲವು ಪರಿಕಲ್ಪನೆಗಳ ಬೆಳಕಿನಲ್ಲಿ ಆ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ನೀರಗಂಟಿಯ ಮಾದರಿ

ಕರ್ನಾಟಕದ ಬಯಲುಸೀಮೆಯ ಹಳ್ಳಿಗಳಲ್ಲಿ ಆಯಗಾರರ ವ್ಯವಸ್ಥೆ ಬಹುಕಾಲ ಪ್ರಚಲಿತವಾಗಿತ್ತು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ ಮೊದಲಾದವರು ವರ್ಷವಿಡೀ ಊರಿಗೆ ಸೇವೆ ಸಲ್ಲಿಸಿ, ಸುಗ್ಗಿಯಲ್ಲಿ ರೈತರ ಕಣದಿಂದ ಧಾನ್ಯದ ಪಾಲನ್ನು ‘ಆಯ’ವಾಗಿ ಪಡೆಯುತ್ತಿದ್ದರು. ಕೆರೆಯಿದ್ದ ಊರುಗಳಲ್ಲಿ ಇವರ ಜೊತೆಗೆ ನೀರಗಂಟಿಯೂ ಇರುತ್ತಿದ್ದನು. ತೂಬನ್ನು ಎತ್ತಿ ಇಳಿಸುವುದು, ಕಾಲುವೆಗಳನ್ನು ನೋಡಿಕೊಳ್ಳುವುದು, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕೆಲಸ. ಸಾರ್ವಜನಿಕ ಸಂಪನ್ಮೂಲವೊಂದನ್ನು ಮನೆಮನೆಯ ಪಾಲಿಗೆ ಹಂಚುವ ಸೇವೆ ಅದಾಗಿದ್ದುದರಿಂದ ದೂರಸಂಪರ್ಕ ಸೇವೆಯೊಡನೆ ಹೋಲಿಸಲು ಅದೇ ಹೆಚ್ಚು ಯೋಗ್ಯವಾದುದು.

ನೀರಗಂಟಿಯ ಹೊಣೆಗಾರಿಕೆ ಮೂರು ಆಧಾರಗಳ ಮೇಲೆ ನಿಂತಿತ್ತು. ಮೊದಲನೆಯದು ಅಳತೆ: ಅಚ್ಚುಕಟ್ಟಿನ ಕೊನೆಯ ಮಡಿಗೆ ನೀರು ತಲುಪಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಎರಡನೆಯದು ಸಾಕ್ಷಿ: ಯಾರ ಸರದಿ ಯಾವಾಗ ಎಂಬುದು ಅಕ್ಕಪಕ್ಕದ ಗದ್ದೆಯವರಿಗೆಲ್ಲ ತಿಳಿದಿತ್ತು. ಮೂರನೆಯದು ಕಟ್ಟೆ: ತಕರಾರು ಬಂದಾಗ ಸೇರಿ ವಿಚಾರಿಸುವ ಸ್ಥಳ ಊರಿನಲ್ಲಿಯೇ ಇತ್ತು. ಇವುಗಳೊಂದಿಗೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಸೇವೆ ಮೊದಲು, ಆಯ ಆಮೇಲೆ. ನೀರು ಕಾಣದ ರೈತ ಕಣದಲ್ಲಿ ಕೈ ಬಿಗಿಹಿಡಿಯಬಹುದಾಗಿತ್ತು.

ಹಾಗೆಂದು ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಲ್ಲ. ಆಯಗಾರರಲ್ಲಿ ಬಹುಪಾಲು ಜನ ಜಾತಿಶ್ರೇಣಿಯ ಕೆಳಸ್ತರದವರು. ಅವರನ್ನು ಪ್ರಶ್ನಿಸುತ್ತಿದ್ದವರು ಜಮೀನುಳ್ಳವರು. ಜಮೀನಿಲ್ಲದವನಿಗೆ ನೀರಿನಲ್ಲಿ ಪಾಲಿರಲಿಲ್ಲ, ಆದುದರಿಂದ ಕಟ್ಟೆಯಲ್ಲಿ ದನಿಯೂ ಇರಲಿಲ್ಲ. ಅಂದರೆ ಅಲ್ಲಿ ಹೊಣೆಗಾರಿಕೆ ಕೆಲಸಮಾಡುತ್ತಿದ್ದುದಕ್ಕೆ ಸೇವೆ ಕೊಡುವವನು ದುರ್ಬಲ, ಪಡೆಯುವವನು ಪ್ರಬಲ ಎಂಬುದೂ ಒಂದು ಕಾರಣ. ದೂರಸಂಪರ್ಕದಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಸೇವೆ ಕೊಡುವ ಸಂಸ್ಥೆ ದೇಶವ್ಯಾಪಿಯಾದುದು; ಪಡೆಯುವವನು ಒಂಟಿ. ಪ್ರೀಪೇಯ್ಡ್ ಪದ್ಧತಿಯಲ್ಲಿ ಹಣ ಮೊದಲು, ಸೇವೆ ಆಮೇಲೆ. ಆದುದರಿಂದ ಹಳ್ಳಿಯಲ್ಲಿ ಬಲದ ಅಸಮಾನತೆಯೇ ನಿರ್ವಹಿಸುತ್ತಿದ್ದ ಕೆಲಸವನ್ನು ಇಲ್ಲಿ ಕಾನೂನು ನಿರ್ವಹಿಸಬೇಕಾಗಿದೆ. ಅಳತೆ, ಸಾಕ್ಷಿ, ಕಟ್ಟೆ ಈ ಮೂರನ್ನೂ ಕಾನೂನು ಎಷ್ಟರಮಟ್ಟಿಗೆ ಒದಗಿಸಿದೆ ಎಂಬುದೇ ಮುಖ್ಯ ಪ್ರಶ್ನೆ.

೨. ಇಲಾಖೆಯಿಂದ ಕಂಪನಿಗೆ

ಭಾರತದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ೧೮೮೨ರಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ಆರಂಭವಾದವು. ೧೮೮೫ರ ಭಾರತೀಯ ತಂತಿ ಕಾಯ್ದೆಯು ಈ ಸೇವೆಯ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತು. ಸಂದೇಶದ ರವಾನೆಯಲ್ಲಿ ಲೋಪವಾಗಿ ಯಾರಿಗಾದರೂ ನಷ್ಟವಾದರೆ ಅದಕ್ಕೆ ಸರ್ಕಾರ ಹೊಣೆಯಲ್ಲ ಎಂದು ಅದೇ ಕಾಯ್ದೆಯ ೯ನೆಯ ಪ್ರಕರಣ ಸಾರಿತು. ಹೊಣೆಯ ನಿರಾಕರಣೆ ಸೇವೆಯ ಹುಟ್ಟಿನೊಂದಿಗೇ ಬಂದಿತೆಂಬುದು ಗಮನಾರ್ಹ. ೧೯೫೭ರಲ್ಲಿ ಸೇರಿಸಲಾದ ೭ಬಿ ಪ್ರಕರಣವು ತಕರಾರುಗಳನ್ನು ಕೇಂದ್ರ ಸರ್ಕಾರವೇ ನೇಮಿಸುವ ಮಧ್ಯಸ್ಥಗಾರನ ಮುಂದಿಡಬೇಕೆಂದು ವಿಧಿಸಿತು. ಈ ಪ್ರಕರಣ ಅರ್ಧ ಶತಮಾನದ ಅನಂತರ ಗ್ರಾಹಕರ ಹಾದಿಗೆ ಅಡ್ಡವಾಗಿ ನಿಂತ ಬಗೆಯನ್ನು ಮುಂದೆ ನೋಡಬಹುದು.

ಇಲಾಖೆಯ ಕಾಲದಲ್ಲಿ ದೂರವಾಣಿ ದೊರೆಯುವುದೇ ದುರ್ಲಭವಾಗಿತ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆದರೂ ಸಂಪರ್ಕ ಕೆಟ್ಟಾಗ ಊರಿನ ಲೈನ್‌ಮನ್‌ನನ್ನು ಹುಡುಕಿ ಕೇಳಬಹುದಿತ್ತು. ೧೯೮೦ರ ದಶಕದ ಕೊನೆಯಿಂದ ಹಬ್ಬಿದ ಎಸ್‌ಟಿಡಿ ಬೂತುಗಳಲ್ಲಿ ಮಾತಿನ ಬೆಲೆ ಏರುವುದನ್ನು ಮಾತನಾಡುತ್ತಿರುವವನೇ ಮೀಟರಿನ ಮೇಲೆ ನೋಡಬಹುದಾಗಿತ್ತು. ಲೈನ್‌ಮನ್ ಮತ್ತು ಮೀಟರು, ಅಂದರೆ ಒಂದು ಮುಖ ಮತ್ತು ಒಂದು ಅಳತೆ, ಮೊಬೈಲ್ ಯುಗದಲ್ಲಿ ಗ್ರಾಹಕನ ಕಣ್ಣಿನಿಂದ ಮರೆಯಾದವು.

೧೯೯೪ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ೧೯೯೫ರ ಜುಲೈ ೩೧ರಂದು ದೇಶದ ಮೊದಲ ಮೊಬೈಲ್ ಕರೆ ನಡೆಯಿತು. ಅದೇ ವರ್ಷ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಒದಗಿಸತೊಡಗಿತು. ೧೯೯೭ರಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸ್ಥಾಪನೆಯಾಯಿತು. ೨೦೦೦ದಲ್ಲಿ ವ್ಯಾಜ್ಯಗಳಿಗಾಗಿ ಟಿಡಿಸ್ಯಾಟ್ ಎಂಬ ಪ್ರತ್ಯೇಕ ನ್ಯಾಯಾಧಿಕರಣ ರಚನೆಯಾಯಿತು. ಇಲಾಖೆಯ ಸೇವಾ ವಿಭಾಗವು ಬಿಎಸ್‌ಎನ್‌ಎಲ್ ನಿಗಮವಾಗಿ ಬೇರ್ಪಟ್ಟಿತು.

ಇದೇ ಅವಧಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂಲಭೂತವಾದ ಒಂದು ತತ್ತ್ವವನ್ನು ಸ್ಥಾಪಿಸಿತು. ಬಂಗಾಳದ ಕ್ರಿಕೆಟ್ ಸಂಘದ ಮೊಕದ್ದಮೆಯಲ್ಲಿ ೧೯೯೫ರಲ್ಲಿ ನೀಡಿದ ತೀರ್ಪಿನಲ್ಲಿ ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಅದು ಹೇಳಿತು. ೨೦೧೨ರ ಫೆಬ್ರವರಿಯಲ್ಲಿ ೧೨೨ ಪರವಾನಗಿಗಳನ್ನು ರದ್ದುಪಡಿಸಿದ ಎರಡನೆಯ ತಲೆಮಾರಿನ ತರಂಗಾಂತರ ತೀರ್ಪಿನ ಹಿಂದೆಯೂ ಇದೇ ತತ್ತ್ವವಿತ್ತು. ಸರ್ಕಾರದೊಡನೆ ವರಮಾನ ಹಂಚಿಕೊಳ್ಳುವ ಖಾಸಗಿ ದೂರಸಂಪರ್ಕ ಸಂಸ್ಥೆಗಳ ಲೆಕ್ಕವನ್ನು ಮಹಾಲೇಖಪಾಲರು ಪರಿಶೀಲಿಸಬಹುದೆಂದು ೨೦೧೪ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಕೆರೆ ಊರಿನದು, ತೂಬು ಮಾತ್ರ ನೀರಗಂಟಿಯ ಕೈಯಲ್ಲಿ ಎಂಬ ಹಳೆಯ ತಿಳಿವಳಿಕೆಯೇ ಇಲ್ಲಿ ಬೇರೆ ಭಾಷೆಯಲ್ಲಿ ಕಾಣಿಸಿಕೊಂಡಿದೆ. ಆದರೆ ಈ ತೀರ್ಪುಗಳು ಕಂಪನಿಯು ಸರ್ಕಾರಕ್ಕೆ ಒಪ್ಪಿಸಬೇಕಾದ ಲೆಕ್ಕವನ್ನು ಕುರಿತವು. ಗ್ರಾಹಕನಿಗೆ ಒಪ್ಪಿಸಬೇಕಾದ ಲೆಕ್ಕದ ಕಥೆ ಬೇರೆಯೇ ಆಗಿದೆ.

೩. ಅಳತೆ

ಕೊಳಗ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅಳತೆಯ ನ್ಯಾಯ ನಿಂತಿದೆ. ದೂರಸಂಪರ್ಕದಲ್ಲಿ ಅಳೆಯುವವನೂ ಮಾರುವವನೂ ಒಬ್ಬನೇ. ಎಷ್ಟು ನಿಮಿಷ ಮಾತಾಯಿತು, ಎಷ್ಟು ಡೇಟಾ ಖರ್ಚಾಯಿತು ಎಂಬುದನ್ನು ಕಂಪನಿಯ ಯಂತ್ರವೇ ಹೇಳುತ್ತದೆ. ಈ ಕೊಳಗವನ್ನು ಪರೀಕ್ಷಿಸಲು ಟ್ರಾಯ್ ೨೦೦೬ರಲ್ಲಿ ಮೀಟರಿಂಗ್ ಮತ್ತು ಬಿಲ್ಲಿನ ನಿಖರತೆಯ ಸಂಹಿತೆಯನ್ನು ಜಾರಿಗೆ ತಂದು ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ೨೦೨೩ರಲ್ಲಿ ಅದನ್ನು ಪರಿಷ್ಕರಿಸಿತು.

ಅಂತರಜಾಲದ ವೇಗದ ವಿಷಯದಲ್ಲಿ ಅಳತೆಯೇ ಸಡಿಲವಾಗಿತ್ತು. ೨೦೦೪ರ ನೀತಿಯಲ್ಲಿ ಸೆಕೆಂಡಿಗೆ ೨೫೬ ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸುತ್ತಿತ್ತು. ಇದು ೨೦೧೩ರಲ್ಲಿ ೫೧೨ ಕಿಲೋಬಿಟ್‌ಗೂ ೨೦೨೩ರಲ್ಲಿ ೨ ಮೆಗಾಬಿಟ್‌ಗೂ ಏರಿತು. ಜಾಹೀರಾತಿನಲ್ಲಿ ಇಂತಿಷ್ಟು ವೇಗದ ‘ವರೆಗೆ’ ಎಂದು ಹೇಳುವ ರೂಢಿಯಿದೆ. ಕನ್ನಡದಲ್ಲಿ ‘ಹತ್ತು ಕೊಳಗದವರೆಗೆ ಕೊಡುತ್ತೇನೆ’ ಎಂದವನು ಒಂದೇ ಕೊಳಗ ಕೊಟ್ಟರೂ ಮಾತು ತಪ್ಪಿದಂತಾಗುವುದಿಲ್ಲ. ಗರಿಷ್ಠವನ್ನು ಹೇಳಿ ಕನಿಷ್ಠವನ್ನು ಹೇಳದಿರುವ ಮಾತಿನಲ್ಲಿ ಹೊಣೆಗೆ ಸ್ಥಳವೇ ಇಲ್ಲ.

ಅಳತೆ ತಪ್ಪಿದಾಗ ಪರಿಹಾರವನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಕರೆಕಡಿತದ ಪ್ರಕರಣದಲ್ಲಿ ಸ್ಪಷ್ಟವಾಗಿ ಎದ್ದಿತು. ಮಾತಿನ ನಡುವೆ ಕಡಿದುಹೋದ ಪ್ರತಿ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರು ಕರೆಗಳ ಮಿತಿಯಲ್ಲಿ, ಕರೆ ಮಾಡಿದ ಗ್ರಾಹಕನ ಖಾತೆಗೆ ಜಮಾ ಮಾಡಬೇಕೆಂದು ಟ್ರಾಯ್ ೨೦೧೫ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿತು. ಅದು ೨೦೧೬ರ ಜನವರಿ ೧ರಿಂದ ಜಾರಿಗೆ ಬರಬೇಕಾಗಿತ್ತು. ಸಂಸ್ಥೆಗಳು ಇದನ್ನು ಪ್ರಶ್ನಿಸಿದವು. ೨೦೧೬ರ ಮೇ ೧೧ರಂದು ಸರ್ವೋಚ್ಚ ನ್ಯಾಯಾಲಯ ನಿಯಮವನ್ನು ರದ್ದುಗೊಳಿಸಿತು. ಶೇಕಡಾ ಎರಡರಷ್ಟು ಕರೆಕಡಿತವನ್ನು ಗುಣಮಟ್ಟದ ನಿಯಮವೇ ಸಹಿಸಿಕೊಂಡಿರುವಾಗ, ಕಂಪನಿಯ ತಪ್ಪು ಇದೆಯೇ ಇಲ್ಲವೇ ಎಂದು ನೋಡದೆ ಪ್ರತಿ ಕರೆಗೂ ದಂಡ ಹಾಕುವುದು ನಿರಂಕುಶವಾದುದು ಎಂಬುದು ತೀರ್ಪಿನ ಸಾರ. ನಿಯಂತ್ರಣ ಸಂಸ್ಥೆಯೂ ತಾನು ನಿಯಮ ಮಾಡುವ ಬಗೆಗೆ ಕಾರಣಸಹಿತವಾಗಿ ಉತ್ತರ ಹೇಳಬೇಕೆಂಬ ಮಾತನ್ನೂ ಅದು ಸೇರಿಸಿತು. ಸರಾಸರಿಯ ಲೆಕ್ಕದಲ್ಲಿ ನಿರ್ದೋಷಿಯಾದ ಸಂಸ್ಥೆ, ಕರೆ ಕಡಿದುಹೋದ ವ್ಯಕ್ತಿಗೆ ಏನನ್ನೂ ಕೊಡಬೇಕಾಗಿಲ್ಲ ಎಂಬ ಪರಿಣಾಮ ಇದರಿಂದ ಉಂಟಾಯಿತು. ಕೆರೆಯ ನೀರು ಒಟ್ಟಾರೆ ಚೆನ್ನಾಗಿ ಹರಿದಿದೆ ಎಂಬ ಲೆಕ್ಕದಿಂದ ಒಣಗಿದ ಕೊನೆಯ ಮಡಿಗೆ ಸಮಾಧಾನವಾಗುವುದಿಲ್ಲ.

ಟ್ರಾಯ್ ೨೦೨೪ರಲ್ಲಿ ಹೊರಡಿಸಿ ಅಕ್ಟೋಬರ್ ೧ರಿಂದ ಜಾರಿಗೆ ತಂದ ಸೇವಾಗುಣಮಟ್ಟದ ನಿಯಮಗಳು ಈ ಕೊರತೆಯನ್ನು ಭಾಗಶಃ ತುಂಬಿವೆ. ಜಿಲ್ಲೆಯ ಮಟ್ಟದಲ್ಲಿ ದೊಡ್ಡ ಪ್ರಮಾಣದ ಸಂಪರ್ಕ ವ್ಯತ್ಯಯ ನಾಲ್ಕು ಗಂಟೆ ಮೀರಿದರೆ ಅದನ್ನು ಪ್ರಾಧಿಕಾರಕ್ಕೆ ವರದಿ ಮಾಡಬೇಕು. ೨೪ ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿಯ ವಿಸ್ತರಣೆ ದೊರೆಯಬೇಕು. ಸೇವೆ ಎಲ್ಲೆಲ್ಲಿ ಲಭ್ಯ ಎಂಬ ನಕ್ಷೆಯನ್ನು ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ನೀರು ಬಾರದ ದಿನಕ್ಕೆ ಆಯವಿಲ್ಲ ಎಂಬ ನ್ಯಾಯಕ್ಕೆ ಇದು ಹತ್ತಿರವಾದುದು.

೪. ಸಾಕ್ಷಿ

ಮುಖಾಮುಖಿಯ ಸಮಾಜದಲ್ಲಿ ದೂರು ಹೇಳಿದುದಕ್ಕೆ ಕೇಳಿದವರೇ ಸಾಕ್ಷಿ. ಧ್ವನಿಮುದ್ರಿತ ಸೂಚನೆಗಳ ಮೂಲಕ ಗ್ರಾಹಕನನ್ನು ಎದುರುಗೊಳ್ಳುವ ವ್ಯವಸ್ಥೆಯಲ್ಲಿ ದೂರು ಕೊಟ್ಟದ್ದೇ ಸುಳ್ಳಾಗಬಹುದು. ಈ ದೃಷ್ಟಿಯಿಂದ ೨೦೧೨ರ ಜನವರಿಯಲ್ಲಿ ಬಂದ ದೂರಸಂಪರ್ಕ ಗ್ರಾಹಕರ ದೂರು ಪರಿಹಾರ ನಿಯಮಗಳು ಮಹತ್ತ್ವದವು. ಪ್ರತಿಯೊಂದು ಸಂಸ್ಥೆಯೂ ಉಚಿತ ಕರೆಯ ದೂರು ಕೇಂದ್ರವನ್ನು ತೆರೆಯಬೇಕು. ಪ್ರತಿ ದೂರಿಗೂ ಒಂದು ಸಂಖ್ಯೆ ಕೊಟ್ಟು ಅದನ್ನು ಸಂದೇಶದ ಮೂಲಕ ತಿಳಿಸಬೇಕು. ಗ್ರಾಹಕರ ಸನ್ನದನ್ನು ಇಂಗ್ಲಿಷ್, ಹಿಂದಿಗಳ ಜೊತೆಗೆ ಸ್ಥಳೀಯ ಭಾಷೆಯಲ್ಲಿಯೂ ಪ್ರಕಟಿಸಬೇಕು. ದೂರಿನ ಸಂಖ್ಯೆ ನೋಡಲು ಸಣ್ಣ ಸಂಗತಿ. ಆದರೆ ಮುಂದಿನ ಎಲ್ಲ ಹಂತಗಳಿಗೂ ಅದೇ ಆಧಾರ. ಗ್ರಾಹಕ ಕೇಳಿದ್ದಕ್ಕೆ ಇರುವ ಏಕೈಕ ಸಾಕ್ಷಿ ಅದು. ಮನುಷ್ಯನ ದನಿಗಾಗಿ ಗ್ರಾಹಕ ಎಷ್ಟು ಹೊತ್ತು ಕಾಯಬೇಕೆಂಬುದನ್ನೂ ಗುಣಮಟ್ಟದ ನಿಯಮಗಳು ಲೆಕ್ಕಹಾಕಿವೆ. ಶೇಕಡಾ ೯೫ರಷ್ಟು ಕರೆಗಳಿಗೆ ೯೦ ಸೆಕೆಂಡುಗಳೊಳಗೆ ಸಿಬ್ಬಂದಿಯ ಉತ್ತರ ಸಿಗಬೇಕು.

ಒಪ್ಪಿಗೆಗೂ ಸಾಕ್ಷಿ ಬೇಕು. ಗ್ರಾಹಕ ಕೇಳದೆಯೇ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ ಮೊದಲಾದ ಹೆಚ್ಚುವರಿ ಸೇವೆಗಳನ್ನು ಹಚ್ಚಿ ಖಾತೆಯಿಂದ ಹಣ ಕಡಿದುಕೊಳ್ಳುವ ಬಗೆಗೆ ವ್ಯಾಪಕವಾದ ದೂರುಗಳಿದ್ದವು. ಇದನ್ನು ತಡೆಯಲು ಟ್ರಾಯ್ ೨೦೧೧ ಮತ್ತು ೨೦೧೩ರಲ್ಲಿ ನಿರ್ದೇಶನಗಳನ್ನು ನೀಡಿತು. ಎರಡನೆಯ ಬಾರಿ ಖಚಿತಪಡಿಸಿಕೊಂಡಲ್ಲದೆ ಇಂತಹ ಸೇವೆ ಆರಂಭಿಸುವಂತಿಲ್ಲ ಎಂದು ವಿಧಿಸಲಾಯಿತು. ನಿಲ್ಲಿಸಲು ೧೫೫೨೨೩ ಎಂಬ ಸಂಖ್ಯೆಯನ್ನು ಗೊತ್ತುಪಡಿಸಲಾಯಿತು. ವಾಣಿಜ್ಯ ಸಂದೇಶಗಳನ್ನು ಕುರಿತ ೨೦೧೮ರ ನಿಯಮಗಳು ಗ್ರಾಹಕನ ಒಪ್ಪಿಗೆಯನ್ನು ಒಬ್ಬರೇ ತಿದ್ದಲಾಗದ ಹಂಚಿಕೆಯ ದಾಖಲೆಯಲ್ಲಿ ಇರಿಸುವ ವ್ಯವಸ್ಥೆ ಮಾಡಿದವು. ನೆರೆಹೊರೆಯವರ ನೆನಪು ಹಿಂದೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಂತ್ರಕ್ಕೆ ವಹಿಸಲಾಗಿದೆ.

೫. ಕಟ್ಟೆ

ಅಳತೆ ಮತ್ತು ಸಾಕ್ಷಿಗಳ ವಿಷಯದಲ್ಲಿ ಕಾನೂನು ಸಾಕಷ್ಟು ಮುಂದುವರಿದಿದೆ. ಅದು ಬಹುಕಾಲ ತಡವರಿಸಿದ್ದು ಕಟ್ಟೆಯ ವಿಷಯದಲ್ಲಿ. ಟ್ರಾಯ್ ಕಾಯ್ದೆಯ ಪ್ರಕಾರ ಪ್ರಾಧಿಕಾರವು ಬಿಡಿ ಗ್ರಾಹಕರ ವ್ಯಾಜ್ಯಗಳನ್ನು ತೀರ್ಮಾನಿಸುವುದಿಲ್ಲ. ಟಿಡಿಸ್ಯಾಟ್ ಮುಂದೆ ಗ್ರಾಹಕರ ಗುಂಪು ಹೋಗಬಹುದೇ ಹೊರತು ಗ್ರಾಹಕ ವೇದಿಕೆಗೆ ಸಲ್ಲುವ ಬಿಡಿ ದೂರು ಅಲ್ಲಿ ನಿಲ್ಲುವುದಿಲ್ಲ. ೨೦೧೨ರ ನಿಯಮಗಳ ಮೇಲ್ಮನವಿ ಪ್ರಾಧಿಕಾರ ಕಂಪನಿಯೊಳಗೇ ಇದೆ. ಅದು ೩೯ ದಿನಗಳೊಳಗೆ ತೀರ್ಮಾನ ಕೊಡಬೇಕು. ಗ್ರಾಹಕ ಸಂಘಟನೆಯ ಒಬ್ಬ ಪ್ರತಿನಿಧಿಯೂ ಕಂಪನಿಯ ಒಬ್ಬ ಪ್ರತಿನಿಧಿಯೂ ಇರುವ ಸಮಿತಿ ಅದಕ್ಕೆ ಸಲಹೆ ನೀಡುತ್ತದೆ. ಆದರೂ ದೂರು ಯಾರ ಮೇಲೋ ಅವರ ಜಗಲಿಯಲ್ಲಿಯೇ ವಿಚಾರಣೆ ನಡೆದಂತೆ ಇದು.

ಉಳಿದದ್ದು ಗ್ರಾಹಕ ವೇದಿಕೆ. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರವಾಣಿ ದೂರುಗಳನ್ನು ಜಿಲ್ಲಾ ವೇದಿಕೆಗಳು ವಿಚಾರಿಸುತ್ತಿದ್ದವು. ಬಾಕಿಯ ಕಾರಣಕ್ಕೆ ಸಂಪರ್ಕ ಕಡಿತಗೊಂಡ ಕೇರಳದ ಗ್ರಾಹಕರೊಬ್ಬರ ಪರವಾಗಿ ಜಿಲ್ಲಾ ವೇದಿಕೆ ನೀಡಿದ್ದ ಆದೇಶ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೦೯ರ ಸೆಪ್ಟೆಂಬರ್ ೧ರಂದು ನ್ಯಾಯಾಲಯವು ತಂತಿ ಕಾಯ್ದೆಯ ೭ಬಿ ಪ್ರಕರಣವಿರುವಾಗ ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ ಎಂದಿತು. ಸರ್ಕಾರಿ ಇಲಾಖೆಗಾಗಿ ಮಾಡಿದ ಕಟ್ಟಳೆಯನ್ನು ಖಾಸಗಿ ಕಂಪನಿಗಳೂ ಗುರಾಣಿಯಾಗಿ ಹಿಡಿದವು. ಹಲವೆಡೆ ಗ್ರಾಹಕರ ದೂರುಗಳು ಇದೇ ಕಾರಣಕ್ಕೆ ವಜಾಗೊಂಡವು. ತಂತಿ ಪ್ರಾಧಿಕಾರದ ಅಧಿಕಾರ ಖಾಸಗಿ ಪರವಾನಗಿದಾರರಿಗಿಲ್ಲ ಎಂದು ದೂರಸಂಪರ್ಕ ಇಲಾಖೆಯೇ ೨೦೧೪ರಲ್ಲಿ ಸ್ಪಷ್ಟಪಡಿಸಬೇಕಾಯಿತು.

ಈ ಗೊಂದಲ ಕೊನೆಗೊಂಡ ಮೊಕದ್ದಮೆಯ ವಿವರಗಳು ಗಮನಿಸಬೇಕಾದವು. ಅಹಮದಾಬಾದಿನ ಗ್ರಾಹಕರೊಬ್ಬರ ಮೊಬೈಲ್ ಬಿಲ್ಲು ಸರಾಸರಿ ತಿಂಗಳಿಗೆ ೫೫೫ ರೂಪಾಯಿ ಇರುತ್ತಿತ್ತು; ೨೦೧೩ರ ನವೆಂಬರ್-ಡಿಸೆಂಬರ್‌ನ ಒಂದು ತಿಂಗಳಿಗೆ ೨೪,೬೦೯ ರೂಪಾಯಿಯ ಬಿಲ್ಲು ಬಂದಿತು. ಅವರು ೨೦೧೪ರಲ್ಲಿ ಜಿಲ್ಲಾ ವೇದಿಕೆಗೆ ಹೋದರು. ವೇದಿಕೆಗೆ ವಿಚಾರಿಸುವ ಅಧಿಕಾರವೇ ಇಲ್ಲವೆಂದು ಖಾಸಗಿ ದೂರವಾಣಿ ಸಂಸ್ಥೆ ತಕರಾರು ತೆಗೆಯಿತು. ಆ ಒಂದು ಪ್ರಶ್ನೆ ಮೂರು ನ್ಯಾಯಮೂರ್ತಿಗಳ ಪೀಠದ ಮುಂದೆ ಇತ್ಯರ್ಥವಾದದ್ದು ೨೦೨೨ರ ಫೆಬ್ರವರಿ ೧೬ರಂದು. ತಂತಿ ಕಾಯ್ದೆಯ ಪರಿಹಾರವು ಗ್ರಾಹಕ ವೇದಿಕೆಯ ಬಾಗಿಲನ್ನು ಮುಚ್ಚುವುದಿಲ್ಲ ಎಂದು ಪೀಠ ತೀರ್ಪಿತ್ತಿತು. ಬಿಲ್ಲು ಸರಿಯೇ ತಪ್ಪೇ ಎಂಬುದಲ್ಲ, ಅದನ್ನು ಯಾವ ಕಟ್ಟೆಯಲ್ಲಿ ಕೇಳಬೇಕು ಎಂಬುದು ಮಾತ್ರ ತೀರ್ಮಾನವಾಗಲು ಏಳು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ತಂತಿ ಕಾಯ್ದೆಯ ಸ್ಥಾನದಲ್ಲಿ ತರಲಾದ ೨೦೨೩ರ ದೂರಸಂಪರ್ಕ ಕಾಯ್ದೆಯ ೩೦ನೆಯ ಪ್ರಕರಣ ಆನ್‌ಲೈನ್ ವ್ಯಾಜ್ಯ ಪರಿಹಾರ ವ್ಯವಸ್ಥೆಯನ್ನು ಹೇಳುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಹಕ್ಕಿಗೆ ಅದರಿಂದ ಬಾಧೆಯಿಲ್ಲ ಎಂದೂ ಸೇರಿಸುತ್ತದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಟ್ಟೆ ಮತ್ತೆ ಊರಿಗೆ ಹತ್ತಿರವಾಗಿದೆ. ಆದರೂ ಕೆಲವು ನೂರು ರೂಪಾಯಿಗಳ ತಕರಾರಿಗೆ ಆಯೋಗದ ಮೆಟ್ಟಿಲು ಹತ್ತುವವರು ವಿರಳ. ವಿದ್ಯುತ್ ಕ್ಷೇತ್ರದಲ್ಲಿ ೨೦೦೩ರ ಕಾಯ್ದೆಯೇ ಗ್ರಾಹಕ ಕುಂದುಕೊರತೆ ವೇದಿಕೆಯನ್ನೂ ಅದರ ಮೇಲೊಬ್ಬ ಒಂಬುಡ್ಸ್‌ಮನ್‌ನನ್ನೂ ಒದಗಿಸಿದೆ. ದೂರಸಂಪರ್ಕಕ್ಕೂ ಒಂಬುಡ್ಸ್‌ಮನ್ ಬೇಕೆಂದು ಟ್ರಾಯ್ ೨೦೧೭ರ ಮಾರ್ಚ್‌ನಲ್ಲಿ ಶಿಫಾರಸು ಮಾಡಿತ್ತು. ೨೦೨೩ರ ಕಾಯ್ದೆ ಆ ಹಾದಿಯನ್ನು ಹಿಡಿಯಲಿಲ್ಲ.

ಕಟ್ಟೆಗೆ ಹೋಗಲಾರದವನಿಗೆ ಉಳಿಯುವುದು ಬಿಟ್ಟುಹೋಗುವ ಸ್ವಾತಂತ್ರ್ಯ. ಅದೇ ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆಯನ್ನು ಬದಲಿಸುವ ಸೌಲಭ್ಯ ೨೦೧೦ರ ನವೆಂಬರ್ ೨೫ರಂದು ಹರಿಯಾಣದಲ್ಲಿಯೂ ೨೦೧೧ರ ಜನವರಿ ೨೦ರಂದು ದೇಶಾದ್ಯಂತವೂ ಬಂದಿತು. ಹತ್ತಾರು ಸಂಸ್ಥೆಗಳಿದ್ದ ಕಾಲದಲ್ಲಿ ಇದು ಹರಿತವಾದ ಅಸ್ತ್ರವಾಗಿತ್ತು. ಖಾಸಗಿ ಸಂಸ್ಥೆಗಳು ಮೂರಕ್ಕೆ ಇಳಿದ ಮೇಲೆ, ಒಂದೇ ಗೋಪುರದ ಸಂಕೇತ ತಲುಪುವ ಊರಿನಲ್ಲಿ ಆ ಅಸ್ತ್ರಕ್ಕೆ ಮೊನೆ ಇಲ್ಲ.

೬. ಕಟ್ಟೆಯ ಹೊರಗಿನವರು

ಇಲ್ಲಿಯವರೆಗಿನ ವಿವೇಚನೆ ಗ್ರಾಹಕನನ್ನು ಕುರಿತದ್ದು. ಹಣ ಕೊಟ್ಟವನು ಮಾತ್ರ ಕೇಳಬಲ್ಲನೆಂಬುದು ಈ ಎಲ್ಲ ನಿಯಮಗಳ ಹಿಂದಿರುವ ಗ್ರಹಿಕೆ. ಆದರೆ ಸಂಪರ್ಕದ ಲೋಪದಿಂದ ತೊಂದರೆಗೊಳಗಾಗುವವರೆಲ್ಲ ಗ್ರಾಹಕರಲ್ಲ. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರಕ್ಕೆ ನೆಟ್‌ವರ್ಕ್ ಸಿಗದಿದ್ದರೆ ಪಡಿತರಕ್ಕಾಗಿ ಬಂದ ಮುದುಕಿ ಬರಿಗೈಯಲ್ಲಿ ಹಿಂದಿರುಗಬೇಕಾಗಬಹುದು. ಆ ಯಂತ್ರದ ಸಂಪರ್ಕ ಅವಳ ಹೆಸರಿನಲ್ಲಿಲ್ಲ. ಅವಳಿಗೆ ದೂರಿನ ಸಂಖ್ಯೆ ಸಿಗುವುದಿಲ್ಲ. ಯಾವ ನಿಯಮದ ಪ್ರಕಾರವೂ ಅವಳು ದೂರುದಾರಳಲ್ಲ. ಜಮೀನಿಲ್ಲದ್ದರಿಂದ ಕಟ್ಟೆಯಲ್ಲಿ ದನಿಯಿಲ್ಲದಿದ್ದವನ ಸ್ಥಾನದಲ್ಲಿ ಇಂದು ಅವಳಿದ್ದಾಳೆ.

ಸೇವೆಯೇ ತಲುಪದ ಊರುಗಳವರ ಸ್ಥಿತಿಯೂ ಇದೇ. ೨೦೨೦-೨೧ರ ಸೋಂಕಿನ ಕಾಲದಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ್ದು ವ್ಯಾಪಕವಾಗಿ ವರದಿಯಾಯಿತು. ಶಿವಮೊಗ್ಗ ಜಿಲ್ಲೆಯ ಕೆಲವು ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವಿಲ್ಲ ಎಂಬ ಘೋಷಣೆ ಮೊಳಗಿತು. ಗ್ರಾಹಕರಾಗಿ ಕೇಳಲು ಸಾಧ್ಯವಿಲ್ಲದವರು ಮತದಾರರಾಗಿ ಕೇಳಿದರು. ಊರಿಗೆ ಊರೇ ಸೇರಿ ಕೇಳುವ ಹಳೆಯ ಪದ್ಧತಿ ಹೊಸ ರೂಪದಲ್ಲಿ ಮರಳಿದ ನಿದರ್ಶನವಿದು. ಸಂಸ್ಥೆಗಳ ವರಮಾನದ ಪಾಲಿನಿಂದ, ಅಂದರೆ ಅಂತಿಮವಾಗಿ ಗ್ರಾಹಕರ ಹಣದಿಂದ ಬೆಳೆದ ಸಾರ್ವತ್ರಿಕ ಸೇವಾ ನಿಧಿಗೆ ೨೦೦೩ರಲ್ಲಿಯೇ ಶಾಸನಬದ್ಧ ರೂಪ ಬಂದಿತ್ತು. ೨೦೨೩ರ ಕಾಯ್ದೆ ಅದನ್ನು ಡಿಜಿಟಲ್ ಭಾರತ್ ನಿಧಿ ಎಂದು ಕರೆದಿದೆ. ಸಂಪರ್ಕವಿಲ್ಲದ ೨೪,೬೮೦ ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಸೇವೆ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ ೨೦೨೨ರ ಜುಲೈನಲ್ಲಿ ಒಪ್ಪಿಗೆ ನೀಡಿತು. ಆದರೆ ಆ ನಿಧಿಯ ಗೋಪುರ ತಮ್ಮ ಊರಿಗೆ ಏಕೆ ಬರಲಿಲ್ಲವೆಂದು ಕೇಳುವ ಹಕ್ಕನ್ನು ಗ್ರಾಹಕ ನಿಯಮಗಳು ಊರವರಿಗೆ ಕೊಡುವುದಿಲ್ಲ.

ಒಟ್ಟಿನಲ್ಲಿ, ಅಳತೆಯನ್ನು ನಿಯಮಗಳು ಬಿಗಿಗೊಳಿಸಿವೆ, ಸಾಕ್ಷಿಯನ್ನು ದಾಖಲೆಗಳು ಉಳಿಸಿವೆ, ಕಟ್ಟೆಯನ್ನು ನ್ಯಾಯಾಲಯ ಮರಳಿ ತೆರೆದಿದೆ. ಕಟ್ಟೆಯಲ್ಲಿ ಯಾರಿಗೆ ದನಿಯಿರಬೇಕು ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಅಲೆಗಳು ಸಾರ್ವಜನಿಕ ಸ್ವತ್ತು ಎಂಬ ೧೯೯೫ರ ತತ್ತ್ವವನ್ನು ಅಕ್ಷರಶಃ ಗ್ರಹಿಸಿದರೆ ಬಿಲ್ಲು ತೆತ್ತವನಿಗಷ್ಟೇ ಅಲ್ಲ, ಆ ಅಲೆಗಳನ್ನು ಅವಲಂಬಿಸಿ ಬದುಕಬೇಕಾದ ಪ್ರತಿಯೊಬ್ಬನಿಗೂ ಕೇಳುವ ಹಕ್ಕಿದೆ. ದೂರು ಕೊಡುವ ಅರ್ಹತೆಯನ್ನು ಸಂಪರ್ಕದ ಒಡೆತನದಿಂದ ಬಿಡಿಸಿ, ಸೇವೆಯ ಲೋಪದಿಂದ ಬಾಧಿತರಾದವರಿಗೂ ಗ್ರಾಮ ಪಂಚಾಯಿತಿಯಂತಹ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸುವುದು ಆ ತತ್ತ್ವದ ಸಹಜ ಮುಂದುವರಿಕೆಯಾಗುತ್ತದೆ.